ಪಣದ ಹಣಕ್ಕೆ ಪರಿಮಾಣವುಂಟೇ?

ದೀಪಾವಳಿಯ ಅಮಾವಾಸ್ಯೆಯು ಭಗವಾನ್ ಮಹಾವೀರಸ್ವಾಮಿಯ ನಿರ್ವಾಣದ ಪುಣ್ಯತಿಥಿ. ಅಂದು ಪ್ರಾತಃಕಾಲ ಬಸದಿಗಳಲ್ಲಿ ನಿರ್ವಾಣಪೂಜೆ ನೆರವೇರುತ್ತದೆ. ಸಂಜೆ ವರ್ತಕರು ಅಂಗಡಿಯಲ್ಲಿ ದೀಪ ಹಚ್ಚಿ, ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಮಂಗಳಾಕ್ಷರಗಳನ್ನು ಬರೆಯುತ್ತಾರೆ. ಅದೇ ರಾತ್ರಿ ಎಷ್ಟೋ ಮನೆಗಳ ಮಹಡಿಯಲ್ಲಿ ಜಮಖಾನ ಹಾಸಿ ಇಸ್ಪೀಟು ಹಂಚಲಾಗುತ್ತದೆ ಎಂಬುದೂ ಸುಳ್ಳಲ್ಲ. ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಯುಗಾದಿಗೂ ಇಸ್ಪೀಟಿಗೂ ಇರುವ ನಂಟು ಹಳೆಯದು. "ವರ್ಷಕ್ಕೊಂದು ದಿನ, ಹಬ್ಬದ ಆಟ" ಎಂಬ ಸಮಾಧಾನದಲ್ಲಿ ಹಿರಿಯರು ಅದನ್ನು ಕಂಡೂ ಕಾಣದಂತೆ ಇದ್ದುಬಿಡುವುದುಂಟು.

ಈಗ ಆ ಆಟವು ಮಹಡಿಯಿಂದ ಇಳಿದು ನಗರಗಳ ಕ್ಲಬ್ಬುಗಳಿಗೂ ಗೋವೆಯ ಮಾಂಡೋವಿ ನದಿಯ ಕ್ಯಾಸಿನೋ ಹಡಗುಗಳಿಗೂ ಹೋಗಿ ಕುಳಿತಿದೆ. ಅದರ ಹೆಸರು ಪೋಕರ್. ಆಟಗಾರನ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಇಷ್ಟರ ಮೇಲೆ ಪಣವು ಸುತ್ತಿನಿಂದ ಸುತ್ತಿಗೆ ಏರುತ್ತದೆ. ಎಲೆ ಬಲಹೀನವಾಗಿದ್ದರೂ ದೊಡ್ಡ ಪಣವೊಡ್ಡಿ ಎದುರಾಳಿಯನ್ನು ಹೆದರಿಸಿ ಗೆಲ್ಲಬಹುದು.

ಹೊಳಲ್ಕೆರೆಯ ಅಡಿಕೆ ವ್ಯಾಪಾರದ ಮನೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತಿಂಗಳಿಗೊಮ್ಮೆ ಗೆಳೆಯರೊಡನೆ ಪೋಕರ್ ಮೇಜಿಗೆ ಕೂರುತ್ತಾನೆಂಬ ಸಂಗತಿ ತಂದೆಯ ಕಿವಿಗೆ ಬೀಳುತ್ತದೆ. ಹಬ್ಬಕ್ಕೆ ಬಂದಾಗ ಕೇಳಿದರೆ ಅವನು ಮುಚ್ಚಿಡುವುದಿಲ್ಲ. "ಅಪ್ಪಾಜಿ, ಹತ್ತು ಸಾವಿರಕ್ಕಿಂತ ಒಂದು ರೂಪಾಯಿ ಹೆಚ್ಚು ಒಯ್ಯುವುದಿಲ್ಲ. ಹೋದರೆ ಸಿನಿಮಾಕ್ಕೆ, ಹೋಟೆಲಿಗೆ ಹೋಯಿತು ಎಂದುಕೊಳ್ಳುತ್ತೇನೆ. ನೀವು ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡಿದ್ದೀರಿ, ನಾನು ಆಟಕ್ಕೆ ಹಾಕಿಕೊಂಡಿದ್ದೇನೆ. ಎರಡಕ್ಕೂ ವ್ಯತ್ಯಾಸವೇನು?" ಎನ್ನುತ್ತಾನೆ.

ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದು ಎಂದು ತಂದೆ ಹೇಳಬಹುದು. ಅದು ಸತ್ಯವೇ. ಆದರೆ ಮಗನು ಕೇಳಿದ್ದು ಅದನ್ನಲ್ಲ. ಮಿತಿಯನ್ನು ಮೊದಲೇ ನಿಶ್ಚಯಿಸಿ, ಆ ಮಿತಿಯೊಳಗೆ ಆಡಿದರೆ ಅದು ಸಂಯಮವಾಗದೆ ಎಂಬುದು ಅವನ ಪ್ರಶ್ನೆ. ಗದರಿಕೆಯಿಂದ ಈ ಪ್ರಶ್ನೆಯ ಬಾಯಿ ಮುಚ್ಚಿಸಬಹುದೇ ಹೊರತು ಉತ್ತರ ಕೊಟ್ಟಂತಾಗದು. ಶ್ರಾವಕಧರ್ಮವೇ ಮಿತಿಯ ಧರ್ಮವಾಗಿರುವುದರಿಂದ ಪ್ರಶ್ನೆಯು ವಿಚಾರಾರ್ಹವಾಗಿದೆ.

ಆಟಗಾರನ ಲೆಕ್ಕ

ಪೋಕರ್ ಆಡುವವರಲ್ಲಿ ವಿವೇಕಿಗಳೆನಿಸಿದವರು ಹಣ ಒಯ್ಯುವುದಕ್ಕೆ ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದಾರೆ. ಪ್ರತಿ ಆಟದ ಆರಂಭದಲ್ಲಿ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಪಣಕ್ಕೆ ಬ್ಲೈಂಡ್ ಎನ್ನುತ್ತಾರೆ. ಅವೆರಡರಲ್ಲಿ ದೊಡ್ಡದರ ನೂರು ಪಾಲನ್ನು ಮುಂದಿಟ್ಟುಕೊಂಡು ಕೂರುವುದು ವಾಡಿಕೆ. ದೊಡ್ಡ ಬ್ಲೈಂಡ್ 100 ರೂಪಾಯಿಯಾದರೆ 10,000 ರೂಪಾಯಿ. ಪಳಗಿದವರು ಅಂಥ ಎರಡು ಮೂರು ಗಂಟುಗಳನ್ನು ಒಯ್ಯುತ್ತಾರೆ. ಮನೆ ಖರ್ಚಿನ ಹಣವನ್ನು ಮುಟ್ಟಬಾರದು, ಬ್ಯಾಂಕಿನ ಕಾರ್ಡನ್ನು ಮನೆಯಲ್ಲೇ ಬಿಡಬೇಕು, ಸೋತ ಸಿಟ್ಟಿನಲ್ಲಿ ಆಟ ಮುಂದುವರಿಸಬಾರದು ಎಂಬುವೂ ಅವರ ನಿಯಮಗಳೇ. ಕ್ರೋಧ ಬಂದಾಗ ಬುದ್ಧಿ ಕೆಡುತ್ತದೆಂದು ಆಚಾರ್ಯರು ಹೇಳಿದ್ದನ್ನು ಜೂಜುಗಾರನೂ ತನ್ನ ನಷ್ಟದಿಂದ ಕಲಿತಿದ್ದಾನೆ.

ಆದರೂ ಈ ಲೆಕ್ಕದಲ್ಲಿ ಎರಡು ಬಾಬುಗಳು ಬಿಟ್ಟುಹೋಗಿವೆ. ಮೊದಲನೆಯದು ಮೇಜಿನ ಒಡೆಯನ ಪಾಲು. ಒಂಬತ್ತು ಮಂದಿ ತಲಾ 10,000 ರೂಪಾಯಿ ತಂದರೆ ಮೇಜಿನ ಮೇಲೆ 90,000 ರೂಪಾಯಿ ಇರುತ್ತದೆ. ಪ್ರತಿ ಆಟದಲ್ಲಿ ಸರಾಸರಿ 2,000 ರೂಪಾಯಿ ಪಣ ಕೂಡಿ, ಒಡೆಯನು ಅದರಲ್ಲಿ ನೂರಕ್ಕೆ ಐದರಂತೆ ಮುರಿದುಕೊಂಡರೆ ಆಟವೊಂದಕ್ಕೆ 100 ರೂಪಾಯಿ. ಗಂಟೆಗೆ 25 ಆಟಗಳಾದರೆ 2,500, ಆರು ಗಂಟೆಗೆ 15,000. ರಾತ್ರಿ ಮುಗಿಯುವ ಹೊತ್ತಿಗೆ ಒಂಬತ್ತು ಮಂದಿಯೂ ಕೂಡಿ 75,000 ರೂಪಾಯಿಯನ್ನು ಮಾತ್ರ ಮನೆಗೆ ಒಯ್ಯಬಲ್ಲರು. ಒಟ್ಟು ಆಸ್ತಿಯ ಆರನೆಯ ಒಂದು ಭಾಗ ಒಂದು ರಾತ್ರಿಯಲ್ಲಿ ಕರಗುವ ವ್ಯವಹಾರಕ್ಕೆ ಚಿತ್ರದುರ್ಗದ ಮಂಡಿಯಲ್ಲಿ ಯಾವ ವರ್ತಕನೂ ಪಾಲುದಾರನಾಗಲಾರನು.

ಎರಡನೆಯದು ಕಾಲ. ಡಚ್ ಗಣಿತಜ್ಞ ಹೈಗನ್ಸನು 1657ರಲ್ಲಿ ಜೂಜಿನ ಲೆಕ್ಕಾಚಾರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಆಟಗಾರನು ಬರಿಗೈಯಾಗುವ ಸಂಭವವನ್ನು ಎಣಿಸುವ ವಿಧಾನವು ಆ ಪರಂಪರೆಯಲ್ಲಿಯೇ ಬೆಳೆದುಬಂದಿತು. ಸಮಬಲದ ಇಬ್ಬರು ಸಣ್ಣ ಸಣ್ಣ ಸಮಪಣ ಒಡ್ಡುತ್ತ, ಒಬ್ಬನ ಗಂಟು ಬರಿದಾಗುವವರೆಗೆ ಆಡಿದರು ಎನ್ನಿ. ಒಬ್ಬನ ಬಳಿ 10,000, ಇನ್ನೊಬ್ಬನ ಬಳಿ 90,000 ಇದ್ದರೆ, ಚಿಕ್ಕ ಗಂಟಿನವನು ಬರಿಗೈಯಾಗುವ ಸಂಭವ ಹತ್ತರಲ್ಲಿ ಒಂಬತ್ತು. ಆಟದಲ್ಲಿ ಮೋಸವಿಲ್ಲದಿದ್ದರೂ ಫಲ ಇದೇ. ಆದ್ದರಿಂದ ಹಣಕ್ಕೆ ಮಿತಿ ಹಾಕಿ ಹೊತ್ತಿಗೆ ಮಿತಿ ಹಾಕದವನ ಮಿತಿಯು ಬಹುಮಟ್ಟಿಗೆ ಅವನ ನಷ್ಟದ ಮೊತ್ತವೇ ಆಗಿಬಿಡುತ್ತದೆ. ಶ್ರಾವಕನ ದೇಶಾವಕಾಶಿಕ ವ್ರತದಲ್ಲಿ ಇಂಥ ಸ್ಥಳದವರೆಗೆ, ಇಷ್ಟು ಕಾಲದವರೆಗೆ ಎಂದು ಎರಡನ್ನೂ ಹೇಳಿ ನಿಯಮ ತೆಗೆದುಕೊಳ್ಳುವ ಪದ್ಧತಿಯ ಹಿಂದಿರುವ ಸೂಕ್ಷ್ಮ ಇಲ್ಲಿ ಅರಿವಾಗುತ್ತದೆ.

ಇದು ಕೌಶಲದ ಆಟವಲ್ಲವೆ ಎಂದು ಕೆಲವರು ಕೇಳುವರು. ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಆನ್‌ಲೈನ್ ಹಣದ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿತು. ಕಾನೂನಿನ ಪ್ರಶ್ನೆ ಹೀಗೆ ಕಾಲಕಾಲಕ್ಕೆ ತಿರುಗುತ್ತ ಬಂದಿದೆ. ಧರ್ಮದ ಪ್ರಶ್ನೆ ಬೇರೆ. ಎಲೆಯನ್ನು ಕೌಶಲ ತಂದಿತೋ ಅದೃಷ್ಟ ತಂದಿತೋ ಎಂಬುದನ್ನು ಅದು ಕೇಳುವುದಿಲ್ಲ. ಎಲೆ ಬಂದಾಗ ಆತ್ಮದಲ್ಲಿ ಎದ್ದ ಭಾವ ಯಾವುದು ಎಂದು ಕೇಳುತ್ತದೆ.

ಮಿತಿ ಯಾವುದಕ್ಕೆ?

ಪರಿಗ್ರಹ ಪರಿಮಾಣ ಅಣುವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವು ಇಂತಿಷ್ಟನ್ನು ಮೀರಕೂಡದು ಎಂದು ಗೊತ್ತುಮಾಡಿಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚಾದುದರಲ್ಲಿ ತನ್ನದೆಂಬ ಭಾವವನ್ನು ಬಿಡುತ್ತಾನೆ. ಪರಿಗ್ರಹವೆಂದರೆ ವಸ್ತುವಿನ ರಾಶಿಯಲ್ಲ, ಅದರಲ್ಲಿನ ಮೂರ್ಛೆ ಎಂಬುದು ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾತಿ ಆಚಾರ್ಯರ ಅಭಿಪ್ರಾಯ. ಆ ಮೂರ್ಛೆಗೆ ದಡ ಕಟ್ಟುವುದೇ ಪರಿಮಾಣದ ಉದ್ದೇಶ.

ಈಗ ಮಗನ ಮಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹತ್ತು ಸಾವಿರಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ ಎಂದು ಅವನು ಹೇಳಿದ್ದಾನೆ. ಹತ್ತು ಸಾವಿರಕ್ಕಿಂತ ಹೆಚ್ಚು ಗೆಲ್ಲುವುದಿಲ್ಲ ಎಂದು ಹೇಳಿಲ್ಲ. ಹಾಗೆ ಹೇಳೆಂದರೆ ನಕ್ಕುಬಿಡುತ್ತಾನೆ. ಆ ನಗೆಯಲ್ಲಿಯೇ ತಂದೆಗೆ ಬೇಕಾದ ಉತ್ತರವಿದೆ. ಶ್ರಾವಕನು ಬರುವ ಹಣಕ್ಕೆ ಬೇಲಿ ಹಾಕಿದನು, ಆಟಗಾರನು ಹೋಗುವ ಹಣಕ್ಕೆ ಬೇಲಿ ಹಾಕಿದನು. ಪದ ಒಂದೇ ಆದರೂ ದಿಕ್ಕು ಬೇರೆ. ವಾಣಿಜ್ಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮಗನ ಮಿತಿಯು ಲಿಮಿಟೆಡ್ ಕಂಪನಿಯ ಷೇರುದಾರನ ಮಿತಿ. ನಷ್ಟವು ಹಾಕಿದ ಬಂಡವಾಳಕ್ಕೆ ಸೀಮಿತ, ಲಾಭವು ಅಸೀಮಿತ. ಅದು ಜಾಣತನ, ಜಾಣತನವು ದೋಷವೇನೂ ಅಲ್ಲ. ಆದರೆ ಅದನ್ನು ವ್ರತವೆಂದು ಕರೆಯಲಾಗದು.

ಎರಡನೆಯ ಮಾತು ಎದುರಿಗೆ ಕುಳಿತವನನ್ನು ಕುರಿತದ್ದು. ಅಡಿಕೆ ಮಾರಿದವನಿಗೆ ಹಣ ಬೇಕಿತ್ತು, ಕೊಂಡವನಿಗೆ ಅಡಿಕೆ ಬೇಕಿತ್ತು. ವ್ಯಾಪಾರ ಮುಗಿದಾಗ ಇಬ್ಬರಿಗೂ ತೃಪ್ತಿಯಿರಲು ಸಾಧ್ಯ. ಪೋಕರ್ ಮೇಜಿನಲ್ಲಿ ಒಬ್ಬನಿಗೆ ಬಂದ ಪ್ರತಿ ರೂಪಾಯಿಯೂ ಇನ್ನೊಬ್ಬನ ಕೈಯಿಂದ ಹೋದದ್ದು. ಮಗನು ತನ್ನ ಹಣಕ್ಕೆ ಮಿತಿ ಹಾಕಿಕೊಂಡು ಬಂದಿದ್ದಾನೆ, ಸರಿ. ಎದುರಿನವನು ಮಿತಿಯಿಲ್ಲದೆ ಬಂದಿದ್ದರೆ? ಅವನು ತಂದದ್ದು ಮಗಳ ಕಾಲೇಜಿನ ಶುಲ್ಕವಾಗಿದ್ದರೆ? ನುರಿತ ಆಟಗಾರನು ಹುಡುಕುವುದು ಮಿತಿ ಮೀರಿ ಆಡುವ ಇಂಥವನನ್ನೇ. ಹೀಗೆ ಒಬ್ಬನ ಸಂಯಮವು ಮತ್ತೊಬ್ಬನ ಅಸಂಯಮದಿಂದ ಜೀವನ ಮಾಡುತ್ತದೆ. ಅಹಿಂಸಾವ್ರತಿಗೆ ಇದು ಚಿಕ್ಕ ಸಂಗತಿಯಲ್ಲ.

ಮೂರನೆಯದು ಕಷಾಯದ ಮಾತು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ದ್ಯೂತತ್ಯಾಗಿಯಾದವನು ಕೇವಲ ಮನೋವಿನೋದಕ್ಕಾಗಿ ಪಂದ್ಯ ಕಟ್ಟುವುದನ್ನೂ ದೋಷವೆಂದೇ ಎಣಿಸಿದ್ದಾರೆ. ಅವರು ಕೊಡುವ ಕಾರಣವು ಹಣದ ಮೊತ್ತವಲ್ಲ. ಅಲ್ಲಿ ಹರ್ಷವೂ ಅಸಹನೆಯೂ ಉದಯಿಸುತ್ತವೆ ಎಂಬುದು. ಪೋಕರ್ ಮೇಜಿನಲ್ಲಿ ನಾಲ್ಕು ಕಷಾಯಗಳಿಗೂ ಆಸನವಿದೆ. ಸೋತಾಗ ಕ್ರೋಧ, ಗೆದ್ದಾಗ ಮಾನ, ಎಲೆ ಇಲ್ಲದೆ ಹೆದರಿಸುವಲ್ಲಿ ಮಾಯೆ, ಮುಂದಿನ ಆಟಕ್ಕೆ ಕಾಯುವಲ್ಲಿ ಲೋಭ. ಒಯ್ದ ಹಣ ಹತ್ತು ಸಾವಿರವೋ ಹತ್ತು ರೂಪಾಯಿಯೋ ಎಂಬುದರಿಂದ ಇವುಗಳ ಸಂಖ್ಯೆಯೇನೂ ಬದಲಾಗದು.

ನಾಲ್ಕು ಮೆಟ್ಟಿಲುಗಳು

ಹಾಗಾದರೆ ಮಿತಿಗೆ ಬೆಲೆಯೇ ಇಲ್ಲವೆ? ಇದೆ. ಮಿತಿಯಿಟ್ಟು ಆಡುವವನಿಗೂ ಇಲ್ಲದೆ ಆಡುವವನಿಗೂ ಇರುವ ಅಂತರವನ್ನು ಅಲ್ಲಗಳೆಯುವುದು ಅನ್ಯಾಯ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1907ರಲ್ಲಿ ಮುಗಿಯಿತು. 130 ಅಡಿಗೆ ನೀರು ಬಂದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಳೆದು 2022ರಲ್ಲಿ. ಕೋಡಿಯ ಮಟ್ಟವನ್ನು ಗೊತ್ತುಮಾಡಿದವರು ನೀರಿಲ್ಲದ ಕಾಲದಲ್ಲಿ ಗೊತ್ತುಮಾಡಿದ್ದರು. ಮನಸ್ಸಿನ ಮಿತಿಯನ್ನೂ ಪ್ರವಾಹ ಬಾರದ ಮೊದಲೇ ನಿಶ್ಚಯಿಸಬೇಕು. ಮನೆಯಲ್ಲಿ ಕುಳಿತು ಹತ್ತು ಸಾವಿರವೆಂದು ನಿಶ್ಚಯಿಸಿದ ಮಗನು ಅಷ್ಟರಮಟ್ಟಿಗೆ ವಿವೇಕಿಯೇ.

ಕಷ್ಟವಿರುವುದು ಮಿತಿಯನ್ನು ಉಳಿಸಿಕೊಳ್ಳುವುದರಲ್ಲಿ. ಆಚಾರ್ಯ ಅಮಿತಗತಿಗಳು ವ್ರತಭಂಗವನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಾಲ್ಕಾಗಿ ವಿಂಗಡಿಸಿರುವುದು ಸಾಮಾಯಿಕ ಪಾಠವನ್ನು ಬಲ್ಲವರಿಗೆಲ್ಲ ತಿಳಿದಿದೆ. ಮನಸ್ಸಿನ ಶುದ್ಧಿ ಕೆಡುವುದು ಮೊದಲನೆಯದು: ಒಯ್ದ ಹಣ ಮುಗಿದಾಗ "ಇನ್ನೈದು ಸಾವಿರ ಇದ್ದಿದ್ದರೆ" ಎಂಬ ಯೋಚನೆ. ಬೇಲಿಯನ್ನು ದಾಟುವುದು ಎರಡನೆಯದು: ಕೈ ಮೊಬೈಲಿಗೆ ಹೋಗುವುದು, ಗೆಳೆಯನ ಮುಖ ನೋಡುವುದು. ವಿಷಯದಲ್ಲಿ ತೊಡಗುವುದು ಮೂರನೆಯದು: ಆ ರಾತ್ರಿಯ ಮಟ್ಟಿಗೆಂದು ಕೈಸಾಲ ತರುವುದು. ಅದರಲ್ಲಿಯೇ ಮುಳುಗುವುದು ನಾಲ್ಕನೆಯದು: ಮಿತಿಯೆಂಬುದು ಒಂದಿತ್ತು ಎಂಬುದೇ ಮರೆತುಹೋಗುವುದು. ಜೇಬಿನಲ್ಲಿ ನೋಟು ಒಯ್ಯುತ್ತಿದ್ದ ಕಾಲದಲ್ಲಿ ಎರಡನೆಯ ಮೆಟ್ಟಿಲಿಗೂ ಮೂರನೆಯದಕ್ಕೂ ನಡುವೆ ಮನೆಯ ದಾರಿಯಾದರೂ ಇರುತ್ತಿತ್ತು. ಈಗ ಬೆರಳ ತುದಿಯಲ್ಲಿ ಬ್ಯಾಂಕು ಇರುವುದರಿಂದ ಆ ದಾರಿಯೂ ಇಲ್ಲವಾಗಿದೆ.

ಜೈನಗ್ರಂಥಗಳು ದ್ಯೂತವ್ಯಸನಕ್ಕೆ ದೃಷ್ಟಾಂತವಾಗಿ ಹೇಳುವುದು ಯಾವನೋ ಪೋಕರಿಯನ್ನಲ್ಲ, ಧರ್ಮರಾಜನೆಂದೇ ಹೆಸರಾದ ಯುಧಿಷ್ಠಿರನನ್ನು. ಒಳ್ಳೆಯವನೆಂಬ ಹೆಸರು ಈ ಮೆಟ್ಟಿಲುಗಳಲ್ಲಿ ಯಾರನ್ನೂ ಹಿಡಿದು ನಿಲ್ಲಿಸದು ಎಂಬುದು ಅದರ ಸಾರ. ಅವನು ಮೊದಲು ಒಡ್ಡಿದ್ದು ಸಂಪತ್ತನ್ನು. ಕೊನೆಗೆ ಒಡ್ಡಿದ್ದು ತನ್ನದಲ್ಲದ್ದನ್ನು.

ಪುರಾಣವೇಕೆ? 2024ರ ಮಾರ್ಚ್ ತಿಂಗಳಲ್ಲಿ ಇದೇ ಚಿತ್ರದುರ್ಗ ಜಿಲ್ಲೆಯ ಒಂದು ಮನೆಯ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಕ್ರಿಕೆಟ್ ಬೆಟ್ಟಿಂಗಿಗಾಗಿ ಪತಿ ಮಾಡಿದ ಸಾಲ ಕೋಟಿಯನ್ನು ದಾಟಿತ್ತೆಂದೂ, ಸಾಲ ಕೊಟ್ಟವರ ಕಿರುಕುಳವನ್ನು ತಾಳಲಾರದೆ ಪತ್ನಿಯು ಪ್ರಾಣ ಕಳೆದುಕೊಂಡರೆಂದೂ ವರದಿಯಾಗಿತ್ತು. ಯಾರೂ ಕೋಟಿ ರೂಪಾಯಿ ಕಳೆಯಬೇಕೆಂದು ನಿಶ್ಚಯಿಸಿ ಮನೆಯಿಂದ ಹೊರಡುವುದಿಲ್ಲ. ಎಲ್ಲರೂ ಹೊರಡುವುದು ಚಿಕ್ಕ ಮೊತ್ತದಿಂದಲೇ. ಆಡಿದವನು ಒಬ್ಬ, ತೆತ್ತವರು ಇನ್ನೊಬ್ಬರು. ಮಗನು "ನನ್ನ ಹತ್ತು ಸಾವಿರ" ಎನ್ನುವಾಗ ಆ "ನನ್ನ" ಎಂಬ ಪದ ಎಷ್ಟು ನಿಜವೆಂಬುದನ್ನು ಮನೆಯವರೆಲ್ಲರೂ ಕೂಡಿ ಯೋಚಿಸಬೇಕಾಗಿದೆ.

ಹಿರಿಯರ ಮೇಜು

ಇಷ್ಟನ್ನು ಓದಿ ತಲೆದೂಗುವ ಹಿರಿಯರು ತಮ್ಮ ಮೇಜಿನ ಕಡೆಗೂ ಒಮ್ಮೆ ನೋಡಬೇಕು. ಸರಕನ್ನು ಕಣ್ಣಿನಿಂದಲೂ ಕಾಣದೆ ಧಾರಣೆಯ ಏರಿಳಿತದ ಮೇಲೆ ಮಾತ್ರ ಹಣ ಕಟ್ಟುವ ಸಟ್ಟಾ ವ್ಯವಹಾರ ವರ್ತಕ ಸಮಾಜಕ್ಕೆ ಹೊಸದಲ್ಲ. ಅದರ ಇಂದಿನ ರೂಪ ಷೇರು ಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್. ಆಪತ್ತಿನಿಂದ ರಕ್ಷಣೆ ಪಡೆಯಲು ಅವನ್ನು ಬಳಸುವವರ ಮಾತು ಬೇರೆ. ಆದರೆ ಷೇರು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿತು. ಗಾದಿಯ ಮೇಲೆ ಕುಳಿತು ಈ ಪಣವೊಡ್ಡುವ ತಂದೆಯು ಮಗನ ಇಸ್ಪೀಟನ್ನು ಮಾತ್ರ ವ್ಯಸನವೆಂದರೆ ಮಗನು ಬಾಯಿಬಿಟ್ಟು ಏನೂ ಹೇಳದಿರಬಹುದು, ಆದರೆ ನಂಬಲಾರನು.

ಬಸದಿಗಳ ಟ್ರಸ್ಟಿನವರಿಗೂ ಇಲ್ಲಿ ಒಂದು ಪ್ರಶ್ನೆಯಿದೆ. "ಗೆದ್ದರೆ ಇಷ್ಟು ಭಾಗ ಜೀರ್ಣೋದ್ಧಾರಕ್ಕೆ" ಎಂದು ಹರಕೆ ಹೊರುವವರುಂಟು. ನ್ಯಾಯದಿಂದ ಸಂಪಾದಿಸಿದ ಧನವೇ ಗೃಹಸ್ಥನ ಮೊದಲ ಲಕ್ಷಣವೆಂಬುದರಲ್ಲಿ ದಿಗಂಬರ ಪಂಡಿತ ಆಶಾಧರರಿಗೂ ಶ್ವೇತಾಂಬರ ಆಚಾರ್ಯ ಹೇಮಚಂದ್ರರಿಗೂ ಭಿನ್ನಾಭಿಪ್ರಾಯವಿಲ್ಲ. ದಾನವು ಲೋಭವನ್ನು ಕರಗಿಸಲೆಂದು ಇದೆ, ಲೋಭಕ್ಕೆ ರಸೀತಿ ಬರೆದುಕೊಡಲೆಂದು ಇಲ್ಲ. ಅಂಥ ಹಣವನ್ನು ವಿನಯದಿಂದ ಹಿಂದಿರುಗಿಸುವ ಟ್ರಸ್ಟು ದಾನಿಗೂ ಉಪಕಾರ ಮಾಡಿದಂತೆ.

ಮಗನಿಗೆ ಉತ್ತರ

ಹೊಳಲ್ಕೆರೆಯ ಆ ತಂದೆಯು ಮಗನಿಗೆ ಏನು ಹೇಳಬೇಕು? ಶ್ರಾವಕನು ಪೋಕರ್ ಮೇಜಿಗೆ ಎಷ್ಟು ಹಣ ಒಯ್ಯಬೇಕೆಂದರೆ ಶಾಸ್ತ್ರದ ಉತ್ತರ ಶೂನ್ಯ. ದರ್ಶನ ಪ್ರತಿಮೆಯೆಂಬ ಮೊದಲನೆಯ ಮೆಟ್ಟಿಲಿನಲ್ಲಿಯೇ ಸಪ್ತವ್ಯಸನಗಳ ತ್ಯಾಗವು ಹೇಳಲ್ಪಟ್ಟಿದೆ. ಇದನ್ನು ಮೃದುಗೊಳಿಸುವ ಅಧಿಕಾರ ತಂದೆಗಿಲ್ಲ. ಆದರೆ ಮಗನು ಇನ್ನೂ ಆ ಮೆಟ್ಟಿಲನ್ನು ಏರಿಲ್ಲ. ಎಳೆದು ಏರಿಸಿದರೆ ನಿಲ್ಲುವುದೂ ಇಲ್ಲ. ಕದ ಮುಚ್ಚಿದ ಮನೆಯ ಮಗನು ಆಟವನ್ನು ಬಿಡುವ ಬದಲು ಹೇಳುವುದನ್ನು ಬಿಡುತ್ತಾನೆ. ಸಾಲವು ಬೆಳೆಯುವುದು ಆ ಮೌನದಲ್ಲಿ.

ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಉದ್ಧೃತವಾಗುವ ಒಂದು ಪ್ರಾಚೀನ ನೀತಿಯಿದೆ. ಆದಾಯದ ಕಾಲು ಭಾಗವನ್ನು ನಿಧಿಯಾಗಿಡಬೇಕು, ಕಾಲು ಭಾಗವನ್ನು ವ್ಯಾಪಾರಕ್ಕೆ ಹಾಕಬೇಕು, ಕಾಲು ಭಾಗವನ್ನು ಆಶ್ರಿತರ ಪೋಷಣೆಗೆ ಕೊಡಬೇಕು, ಉಳಿದ ಕಾಲು ಭಾಗವು ಧರ್ಮಕ್ಕೂ ಉಪಭೋಗಕ್ಕೂ ಸೇರಿದ್ದು. ಮಗನ ಹತ್ತು ಸಾವಿರವು ಯಾವ ಭಾಗದಿಂದ ಬಂದಿತೆಂದು ತಂದೆ ಕೇಳಬಹುದು. ಉಪಭೋಗದಿಂದ ಎಂದರೆ, ಅದೇ ಪೆಟ್ಟಿಗೆಯಲ್ಲಿ ದಾನವೂ ಇದೆ ಎಂಬುದನ್ನು ನೆನಪಿಸಬಹುದು. ಮೇಜಿಗೆ ಹೋದ ಪ್ರತಿ ರೂಪಾಯಿಯೂ ಯಾವನೋ ಬಡವಿದ್ಯಾರ್ಥಿಯ ಪುಸ್ತಕವನ್ನು ಹಾದು ಹೋಗಿದೆ.

ಅನಂತರ ಮಗನಿಂದ ನಾಲ್ಕು ಮಾತುಗಳನ್ನು ಪಡೆಯಬಹುದು. ಒಯ್ಯುವ ಮೊತ್ತವನ್ನು ಹೊರಡುವ ಮೊದಲು ಮನೆಯಲ್ಲಿ ಹೇಳಬೇಕು. ಎಷ್ಟು ಹೊತ್ತಿಗೆ ಏಳುವೆನೆಂಬುದನ್ನೂ ಹೇಳಬೇಕು. ಸಾಲವನ್ನು ಕೊಡಲೂ ಬಾರದು, ತರಲೂ ಬಾರದು. ಸೋಲು ಗೆಲುವುಗಳೆರಡನ್ನೂ ಮನೆಯ ಕಿರ್ದಿಯಲ್ಲಿ ಬರೆಯಬೇಕು; ಗೆದ್ದದ್ದು ಎದುರಿನವನ ನಷ್ಟವೆಂಬುದನ್ನು ಮರೆಯಬಾರದು. ಇದು ಆಟಕ್ಕೆ ಕೊಟ್ಟ ಅನುಮತಿಯಲ್ಲ. ಮಗನನ್ನು ಬೆಳಕಿನಲ್ಲಿ ಇರಿಸಿಕೊಳ್ಳುವ ಉಪಾಯ. ಮುಂದಿನ ವರ್ಷದ ಮಿತಿ ಈ ವರ್ಷದ್ದಕ್ಕಿಂತ ಕಡಿಮೆಯಿರಬೇಕೆಂದೂ ತಂದೆಯು ಕೇಳಬಹುದು. ಕುಗ್ಗುತ್ತ ಹೋಗುವ ಮಿತಿಯು ವ್ರತದ ಕಡೆಗೆ ನಡೆಯುತ್ತದೆ.

ಇದಕ್ಕೆ ಬೆಲೆಯನ್ನು ತಂದೆಯೂ ತೆರಬೇಕಾಗುತ್ತದೆ. ಆಪ್ಷನ್ಸ್ ಖಾತೆಯಿದ್ದರೆ ಅದರ ಲೆಕ್ಕವೂ ಅದೇ ಕಿರ್ದಿಯಲ್ಲಿ ಅದೇ ಪುಟದಲ್ಲಿ ಬರಬೇಕು. ದೀಪಾವಳಿಯ ಸಂಜೆ ಮಂಗಳಾಕ್ಷರ ಬರೆದ ಪುಸ್ತಕದಲ್ಲಿ ತಂದೆ ಮಗ ಇಬ್ಬರೂ ತಮ್ಮ ತಮ್ಮ ಪಣದ ಹಣವನ್ನು ಬರೆದು, ಮನೆಯ ಹೆಂಗಸರ ಮುಂದೆ ಓದಬೇಕು. ಹಾಗೆ ಓದಲು ಇಬ್ಬರಿಗೂ ನಾಚಿಕೆಯಾದರೆ ಮುಂದಿನ ದೀಪಾವಳಿಗೆ ಆ ಬಾಬೇ ಪುಸ್ತಕದಲ್ಲಿ ಇರಲಾರದು.